ಗೋಡೆಯ ಮೇಲಿನ ಹಸಿರು ಚುಕ್ಕಿಗಳು

ಜೂನ್ ೨, ಸೋಮವಾರ

ಹೊಟ್ಟೆಯೊಳಗೇ ಇಟ್ಟುಕೊಂಡರೆ ಅಜೀರ್ಣ. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಅವಳು ನನ್ನ ಗಂಡನ ಒಬ್ಬಳೇ ತಂಗಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇವತ್ತಿನಿಂದ ನಾದಿನಿ ನಮ್ಮ ಆಫೀಸಿಗೇ ಬರುತ್ತಿದ್ದಾಳೆ. ಅವಳಿದ್ದ ಕಂಪನಿ ಬಾಗಿಲು ಹಾಕಿತು, ಎರಡು ಸೂಟ್‌ಕೇಸ್ ಎಳೆದುಕೊಂಡು ನಮ್ಮ ಮನೆಗೆ ಬಂದಳು, ಮಗಳ ಕೋಣೆಯಲ್ಲಿ ಅರ್ಧ ಪಾಲು ತೆಗೆದುಕೊಂಡಳು. "ನಿಮ್ಮಲ್ಲಿ ಒಬ್ಬರು ಬೇಕು ಅಂತಿದ್ದೆಯಲ್ಲ, ಗುಬ್ಬಿ ಬಗ್ಗೆ ಒಂದು ಮಾತು ಹೇಳಬಾರದಾ?" ಎಂದು ಇವರು ಕೇಳಿದರು. ಮೂವತ್ತು ದಾಟಿದ ತಂಗಿ ಇವರಿಗೆ ಇನ್ನೂ ಗುಬ್ಬಿಯೇ. ನಾನೇ ಹೋಗಿ ಬಾಸ್ ಹತ್ತಿರ ಹೇಳಿದೆ. ಯಾರೂ ಬಲವಂತ ಮಾಡಿರಲಿಲ್ಲ.

ಕೆಲಸ ತೋರಿಸಿಕೊಟ್ಟೆ. ನಮ್ಮ ಗಿರಾಕಿಗಳು ಷೇರು ವ್ಯಾಪಾರ ಮಾಡುವವರು. ಮಾಡುವವರು ಎಂದರೆ ಅವರಲ್ಲ, ಅವರು ಬರೆಸಿಟ್ಟ ಪ್ರೋಗ್ರಾಂ. ಎಲ್ಲೋ ದೂರದ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದ ಸರ್ವರ್‌ಗಳು, ಒಂದೊಂದರಲ್ಲಿ ಒಬ್ಬೊಬ್ಬರ ಟರ್ಮಿನಲ್, ಎಂದರೆ ಆ ಪ್ರೋಗ್ರಾಂ ಓಡುವ ವ್ಯಾಪಾರದ ಪರದೆ. ಬೆಲೆ ಏರಿದರೆ ಇಳಿದರೆ ಅದೇ ಕೊಳ್ಳುತ್ತದೆ, ಅದೇ ಮಾರುತ್ತದೆ. ಅದು ನಿಂತುಹೋಗಿಲ್ಲ, ಲೈನ್ ಕಡಿದಿಲ್ಲ, ಮೆಮೊರಿ ತುಂಬಿಕೊಂಡು ಏದುಸಿರು ಬಿಡುತ್ತಿಲ್ಲ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಇಲ್ಲಿಂದಲೇ ಒಂದೊಂದು ಸರ್ವರ್‌ನೊಳಗೂ ಹೋಗಿ, ಕಣ್ಣಾರೆ ನೋಡಿ ಬರುತ್ತೇನೆ. ಬೆಳಿಗ್ಗೆ, ಮಧ್ಯಾಹ್ನ, ಮಾರುಕಟ್ಟೆ ಮುಚ್ಚುವ ಮುಂಚೆ.

"ಎಲ್ಲಾ ನೀವೇ ತೆಗೆದು ನೋಡ್ತೀರಾ ಅತ್ತಿಗೆ? ದಿನಾ?"

"ಮತ್ತೆ? ಅವೇ ಬಂದು ಹೇಳ್ತಾವಾ?"

 ಅವಳು ಹುಬ್ಬು ಏರಿಸಿದಳು. ಬಂದ ದಿನವೇ ಹುಬ್ಬು ಏರಿಸುವವಳನ್ನು ನಾನು ಕಂಡಿರಲಿಲ್ಲ.

ಜೂನ್ ೧೧, ಬುಧವಾರ

ಗೋಡೆಗೆ ದೊಡ್ಡ ಟಿವಿ ಬಂದಿದೆ. ನಾದಿನಿ ಮಹಾರಾಣಿ ಒಂದು ಸಣ್ಣ ಪ್ರೋಗ್ರಾಂ ಬರೆದು ಪ್ರತಿ ಸರ್ವರ್‌ನಲ್ಲೂ ಕೂರಿಸಿದ್ದಾಳೆ. ಅದು ನಿಮಿಷ ನಿಮಿಷಕ್ಕೂ ನಮಗೆ ಸುದ್ದಿ ಕಳಿಸುತ್ತದಂತೆ. ಟರ್ಮಿನಲ್ ನಡೆಯುತ್ತಿದ್ದರೆ ಹಸಿರು ಚುಕ್ಕಿ, ನಿಂತರೆ ಕೆಂಪು. ನೆನ್ನೆ ಒಂದು ಕೆಂಪಾಯಿತು. ನಾನು ಮೌಸ್ ಹಿಡಿಯುವಷ್ಟರಲ್ಲಿ ಅವಳು ಅದನ್ನು ಮತ್ತೆ ಶುರು ಮಾಡಿಯಾಗಿತ್ತು.

ಬಾಸ್‌ಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಬಂದುಹೋಗುವವರನ್ನೆಲ್ಲ ನನ್ನ ಕುರ್ಚಿಯ ಹಿಂದೆ ನಿಲ್ಲಿಸಿ ಗೋಡೆ ತೋರಿಸುತ್ತಾರೆ. ನೀರಿನ ಕ್ಯಾನ್ ತಂದವನಿಗೂ ತೋರಿಸಿದರು. "ಮೇಡಂ, ಇನ್ನು ನೀವು ಒಂದೊಂದನ್ನೇ ತೆಗೆದು ನೋಡೋ ಕಷ್ಟ ಇಲ್ಲ" ಎಂದರು ನನಗೆ.

ಕಷ್ಟ ಅಂತ ನಾನು ಯಾವತ್ತು ಹೇಳಿದ್ದೆ?

ಜೂನ್ ೨೦, ಶುಕ್ರವಾರ

ಆಫೀಸಿನಲ್ಲಿ ಸಾಲದು ಅಂತ ಮನೆಯಲ್ಲೂ. ಮಗಳಿಗೆ ಗಣಿತ ಹೇಳಿಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಹೇಳಿಕೊಡುವುದೇನು, ಇಬ್ಬರೂ ಕಿರುಚಾಡುತ್ತಿದ್ದೆವು. ಇವತ್ತು ಕೋಣೆಯಿಂದ ನಗು ಕೇಳಿಸಿತು. ಗಣಿತದಲ್ಲಿ ನಗುವಂಥದ್ದು ಏನಿರುತ್ತದೆ? ಇಣುಕಿದರೆ ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಬೋರಲಾಗಿ ಮಲಗಿ, ಸೀಮೆಸುಣ್ಣದಲ್ಲಿ ನೆಲದ ತುಂಬ ಲೆಕ್ಕ ಬರೆದಿದ್ದಾರೆ. ಒರೆಸುವವಳು ನಾನು ತಾನೇ.

"ಅಮ್ಮಾ, ಅತ್ತೆ ಹೇಳಿಕೊಟ್ರೆ ತಟ್ ಅಂತ ಅರ್ಥ ಆಗತ್ತೆ!"

"ಹೌದಾ, ತುಂಬ ಸಂತೋಷ" ಎಂದೆ.

ಊಟಕ್ಕೆ ಕೂತಾಗ ಅಣ್ಣ ತಂಗಿ ಇಬ್ಬರೂ ತಮ್ಮ ಬಾಲ್ಯದ ಯಾವುದೋ ಸೈಕಲ್ ಕಥೆ ತೆಗೆದರು. ಒಂದು ಮಾತು ಇವರು, ಅದರ ಬಾಲ ಅವಳು. ಇವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನ್ನ ಜೊತೆ ಇವರು ಹಾಗೆ ನಕ್ಕಿದ್ದು ಯಾವಾಗ ಎಂದು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಪಾತ್ರೆ ಮುಗಿಯಿತು, ನೆನಪಾಗಲಿಲ್ಲ.

ಜೂನ್ ೨೪, ಮಂಗಳವಾರ

ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಯೋಚನೆ ಮಾಡುವಾಗ ಎಡಗಿವಿ ಎಳೆದುಕೊಳ್ಳುತ್ತಾಳೆ. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಒಣಕೆಮ್ಮು ಶುರು. ಎದುರಿಗೇ ಕೂತಿರುವುದರಿಂದ ಇದನ್ನೆಲ್ಲ ನೋಡಲೇಬೇಕಾದ ಕರ್ಮ ನನ್ನದು.

ಜುಲೈ ೩, ಗುರುವಾರ

ಹಲ್ಲಿನ ಡಾಕ್ಟರು ಫೋನ್ ಮಾಡಿದ್ದರು. ಆಫೀಸಿಗೆ ನಾನು ಸೇರಿದ ಹೊಸತರಲ್ಲಿ ನನಗೆ ಕೊಟ್ಟ ಮೊದಲ ಸರ್ವರ್ ಅವರದು. ಎಷ್ಟು ಸಲ ಅದು ಕೆಮ್ಮಿದೆಯೋ ಅಷ್ಟು ಸಲ ನಾನೇ ಎಬ್ಬಿಸಿದ್ದೇನೆ. "ನೀವು ಇದ್ದೀರಿ ಅಂತ ಧೈರ್ಯವಾಗಿ ಹಲ್ಲು ಕೀಳ್ತೀನಿ ಮೇಡಂ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಒಂದು ದಿನದ ದಣಿವು ಇಳಿಯುತ್ತಿತ್ತು.

ಇವತ್ತು ನಾನು ಫೋನ್ ಎತ್ತಿದೆ. "ಏನಾಗಬೇಕಿತ್ತು ಡಾಕ್ಟ್ರೇ?" ಎಂದೆ.

"ಏನಿಲ್ಲ ಮೇಡಂ, ಆ ಹೊಸ ಹುಡುಗಿ ಇದ್ದಾರಲ್ಲ, ಅವರಿಗೆ ಸ್ವಲ್ಪ ಕೊಡ್ತೀರಾ?"

ಕೊಟ್ಟೆ. ಅವಳು ಮಾತಾಡಿದಳು, ಮಾತಾಡಿದಳು, ನಕ್ಕಳು. ಡಾಕ್ಟರು ಎರಡನೇ ಕ್ಲಿನಿಕ್ ತೆರೆಯುತ್ತಾರಂತೆ, ಜಾಗವನ್ನೂ ನೋಡಿದ್ದಾರಂತೆ. ಇದನ್ನು ನಾನು ಅವಳ ಬಾಯಿಂದ ಕೇಳಬೇಕಾಯಿತು.

ಹೊಟ್ಟೆಕಿಚ್ಚು ಎನ್ನುವುದು ಬರೀ ಮಾತಿಗೆ ಅಲ್ಲ. ನಿಜವಾಗಿಯೂ ಎದೆಯ ಕೆಳಗೆ ಉರಿಯುತ್ತದೆ. ಮಜ್ಜಿಗೆ ಕುಡಿದು ಮಲಗುತ್ತೇನೆ.

ಜುಲೈ ೯, ಬುಧವಾರ

ಸಿಕ್ಕಿಬಿಟ್ಟಿತು! ಮಹಾರಾಣಿಯ ಗೋಡೆಯಲ್ಲಿ ತೂತು!

ನಾನು ಹಳೆಯ ಚಾಳಿ ಬಿಟ್ಟಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗೆ ಹೋದಾಗ ಒಂದೊಂದೇ ಸರ್ವರ್ ತೆಗೆದು ನೋಡುತ್ತೇನೆ. ಇವತ್ತು ಒಂದರ ಒಳಗೆ ಹೋದರೆ, ಪರದೆಯ ನಡುಮಧ್ಯೆ ಒಂದು ಪುಟ್ಟ ಚೌಕ: ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ, ಬೇಡವೇ? ಯಾರಾದರೂ ಬಂದು ಉತ್ತರ ಹೇಳಲಿ ಎಂದು ಟರ್ಮಿನಲ್ ಕಾಯುತ್ತಾ ಕೂತಿದೆ. ಅದರೊಳಗಿನ ವ್ಯಾಪಾರ ಪೂರ್ತಿ ಸ್ತಬ್ಧ. ತಲೆ ಎತ್ತಿ ನೋಡಿದೆ, ಗೋಡೆಯ ಮೇಲೆ ಅದರ ಚುಕ್ಕಿ ಹಚ್ಚ ಹಸಿರು! ಅವಳ ಪ್ರೋಗ್ರಾಂ ಹೊರಗಿನಿಂದ ನೋಡುತ್ತದೆ. ಟರ್ಮಿನಲ್ ತೆರೆದಿದೆಯಾ, ತೆರೆದಿದೆ. ಲೈನ್ ಇದೆಯಾ, ಇದೆ. ಸರಿ, ಹಸಿರು. ಒಳಗೆ ಬಾಯಿ ಕಟ್ಟಿದೆಯೆಂದು ಅದಕ್ಕೆ ಹೇಗೆ ಗೊತ್ತಾಗಬೇಕು?

"ಬೇಡ" ಎಂದು ಒತ್ತಿದೆ, ಮತ್ತೆ ನಡೆಯಿತು. ಯಾರಿಗೂ ಹೇಳಲಿಲ್ಲ. ಅವಳು ಊಟ ಮುಗಿಸಿ ಬಂದು "ಏನತ್ತಿಗೆ, ಇವತ್ತು ಮುಖದಲ್ಲಿ ಕಳೆ?" ಎಂದಳು.

"ಏನಿಲ್ಲಪ್ಪ" ಎಂದೆ.

ಜುಲೈ ೧೬, ಬುಧವಾರ

ಬೆಳಿಗ್ಗೆ ಬಾಸ್ ಕರೆದರು. ಇನ್ನು ಮುಂದೆ ಗಿರಾಕಿಗಳ ಫೋನೆಲ್ಲ ನಾದಿನಿಗೇ ಹೋಗಲಿ, ನೀವು ಬಿಲ್ಲಿನ ಲೆಕ್ಕದ ಕಡೆ ಗಮನ ಕೊಡಿ, ನಿಮಗೂ ವಿಶ್ರಾಂತಿ ಎಂದರು. ನನಗೆ ವಿಶ್ರಾಂತಿ ಬೇಕೆಂದು ಬಾಸ್‌ಗೆ ಯಾರು ಹೇಳಿದರು? ಹೊರಗೆ ಬಂದರೆ ಅವಳು ಕಿವಿ ಎಳೆದುಕೊಳ್ಳುತ್ತಾ, "ನಾನು ಕೇಳಿಲ್ಲ ಅತ್ತಿಗೆ, ದೇವರಾಣೆ" ಎಂದಳು. ಕೇಳದೆ ಸಿಗುತ್ತದಲ್ಲ, ಅದೇ ಉರಿ.

ಊಟದ ಹೊತ್ತಿಗೆ ನೋಡುತ್ತಾ ಹೋದೆ. ಹಲ್ಲಿನ ಡಾಕ್ಟರ ಟರ್ಮಿನಲ್ ಮೇಲೆ ಅದೇ ಚೌಕ. ಕೈ ಮೌಸಿನ ಮೇಲಿತ್ತು. ಒಂದು ಬೆರಳು ಆಡಿಸಿದರೆ ಮುಗಿಯಿತು.

ಅಷ್ಟರಲ್ಲಿ ಅವಳು ಬಂದು ಎದುರಿಗೆ ಕೂತಳು, ಗೋಡೆ ನೋಡಿದಳು, "ಎಲ್ಲಾ ಹಸಿರು!" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಫೈಲ್ ತೆರೆದಳು. ಆ ದನಿ. ಆ ನಿಶ್ಚಿಂತೆ.

ನಾನು ಆ ಸರ್ವರ್ ಮುಚ್ಚಿ, ಎದ್ದು ಚಹಾ ಕುಡಿಯಲು ಹೋದೆ. ಅವಳ ಗೋಡೆ, ಅವಳ ಗಿರಾಕಿ. ಫೋನುಗಳೂ ಅವಳವೇ ತಾನೇ? ಸ್ವಲ್ಪ ಹೊತ್ತು ನೋಡೋಣ, ತಾನಾಗಿ ಗೊತ್ತಾಗುತ್ತದೋ ಇಲ್ಲವೋ. ಅಷ್ಟೇ ಅಂದುಕೊಂಡಿದ್ದು. ವಾಪಸ್ ಬಂದು ಬಿಲ್ಲು ತೆಗೆದೆ. ಒಂದೆರಡು ಸಲ ಹೇಳೋಣವೆಂದು ಬಾಯಿ ತೆರೆದೆ, ಬಿಲ್ಲಿನ ಬಗ್ಗೆ ಏನೋ ಕೇಳಿದೆ. ಮಧ್ಯಾಹ್ನ ಮಾರುಕಟ್ಟೆ ಜಾರತೊಡಗಿತು. ಆಗಲೂ ಹೇಳಲಿಲ್ಲ. ಆಗ ಹೇಳಿದ್ದರೆ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದರು.

ನಾನು ಏನೂ ಮಾಡಲಿಲ್ಲ.

ಜುಲೈ ೧೭, ಗುರುವಾರ

ಡಾಕ್ಟರೇ ಆಫೀಸಿಗೆ ಬಂದಿದ್ದರು. ಬಿಳಿ ಕೋಟು ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ ಬಂದಿದ್ದರು. ನೆನ್ನೆ ಬೆಲೆ ಬೀಳುತ್ತಿದ್ದಾಗ ಮಾರಿ ಹೊರಗೆ ಬರಬೇಕಿದ್ದ ಅವರ ಪ್ರೋಗ್ರಾಂ ಕಲ್ಲಿನಂತೆ ಕೂತಿತ್ತು. ಇಬ್ಬರು ರೋಗಿಗಳ ನಡುವೆ ಫೋನ್ ನೋಡಿದಾಗಲೇ ಅವರಿಗೆ ಗೊತ್ತಾಗಿದ್ದು. ಅಷ್ಟರಲ್ಲಿ ಹೋಗಬೇಕಾದ್ದು ಹೋಗಿತ್ತು. ಎರಡನೇ ಕ್ಲಿನಿಕ್ ಈಗ ಇಲ್ಲ ಎಂದರು. ಕೂಗಾಡಲಿಲ್ಲ. ಗೋಡೆ ತೋರಿಸಿ, "ಇದು ಹಸಿರಾಗೇ ಇತ್ತಾ?" ಎಂದು ಮಾತ್ರ ಕೇಳಿದರು.

ಕೂಗಾಡಿದವರು ಬಾಸ್. ಅವಳನ್ನು ನಿಲ್ಲಿಸಿ, ಎಲ್ಲರ ಎದುರಿಗೆ. ಇಷ್ಟು ದಿನ ತಲೆಯ ಮೇಲೆ ಕೂರಿಸಿಕೊಂಡವರೇ ಇವರು! ಅವಳು ನೆಲ ನೋಡುತ್ತಾ, "ತಪ್ಪು ನಂದೇ ಸಾರ್. ಒಳಗೆ ಏನಾಗ್ತಿದೆ ಅಂತ ನೋಡೋ ಹಾಗೆ ನಾನು ಮಾಡಿರಲಿಲ್ಲ" ಎಂದಳು. ಬಾಸ್ ಟಿವಿ ಆರಿಸಿದರು. "ಮೇಡಂ, ಮೊದಲಿನ ಹಾಗೆ ನೀವೇ ನೋಡಿಕೊಳ್ಳಿ" ಎಂದರು.

ನನಗೆ ಬೇಕಾಗಿದ್ದು ಇದೇ. ಸಂಜೆಯ ಸುತ್ತು ಹೊಡೆದೆ. ಡಾಕ್ಟರದ್ದನ್ನು ಮಾತ್ರ ಕೊನೆಗೆ ಉಳಿಸಿಕೊಂಡೆ.

ಜುಲೈ ೧೮, ಶುಕ್ರವಾರ

ಗುಬ್ಬಿ ಊಟ ಮಾಡಲಿಲ್ಲ. ತಟ್ಟೆಯ ಮುಂದೆ ಕೂತಿದ್ದಳು. ಕೆಮ್ಮು ಜಾಸ್ತಿಯಾಗಿದೆ. ಇಲ್ಲಿ ಎಸಿಯೂ ಇಲ್ಲ. ಮಗಳು ಅವಳ ತಟ್ಟೆಯಿಂದ ಒಂದು ತುತ್ತು ಕಲಸಿ ಬಾಯಿಗಿಡಲು ಹೋದಳು, ಅವಳು ಮುಖ ತಿರುಗಿಸಿದಳು.

ಇವರು "ಹೋಗಲಿ ಬಿಡೇ, ಕಲಿತ ಹಾಗಾಯ್ತು" ಎಂದರು.

"ಅಣ್ಣಾ, ಮೊದಲೇ ಅತ್ತಿಗೆ ಹತ್ರ ಕೂತು ಕೇಳಿದ್ದಿದ್ರೆ ಹೀಗಾಗ್ತಿರಲಿಲ್ಲ. ಅತ್ತಿಗೆ ಇಷ್ಟು ವರ್ಷ ನೋಡಿಕೊಂಡ್ರಲ್ಲ, ಯಾವತ್ತಾದ್ರೂ ಹೀಗಾಗಿತ್ತಾ? ನನಗೆ ಕೊಬ್ಬು" ಎಂದಳು.

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಬೇಕಿತ್ತಾ?

ಜುಲೈ ೨೧, ಸೋಮವಾರ

ಬಾಸ್‌ಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕೂತರು.

"ನೋಡಿದ್ರಿ?"

"ಹೂಂ."

"ನೋಡಿ ಸುಮ್ಮನಿದ್ರಿ?"

"ಹೂಂ."

ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಕೊನೆಗೆ, "ಡಾಕ್ಟರಿಗೆ ನೀವೇ ಹೇಳಿ" ಎಂದರು. ಅವರೆದುರಿಗೇ ಫೋನ್ ಮಾಡಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಬೇಜಾರಿಲ್ಲ ಅಂತ ಬಾಯಿಮಾತಿಗೆ ಹೇಳೋಕಾಗಲ್ಲ ಮೇಡಂ" ಎಂದು ಫೋನ್ ಇಟ್ಟರು. ತಮ್ಮ ಸರ್ವರ್ ನಮ್ಮಿಂದ ತೆಗೆದುಕೊಂಡು ಹೋಗುತ್ತಾರೆ. ಇನ್ನು ಮುಂದೆ ನನಗೆ ಬಿಲ್ಲು ಮಾತ್ರ, ಬಾಗಿಲ ಪಕ್ಕದ ಮೇಜು. ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡದು.

ಗುಬ್ಬಿಗೆ ಟೆರೇಸಿನಲ್ಲಿ ಹೇಳಿದೆ. ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನ ಸೀರೆಯೇ ಅವಳ ಕೈಯಲ್ಲಿತ್ತು.

"ಯಾವಾಗ ನೋಡಿದ್ರಿ?"

"ಊಟದ ಹೊತ್ತಿಗೆ."

"ನಾನು ಎದುರಿಗೇ ಕೂತಿದ್ದೆನಲ್ಲ ಅತ್ತಿಗೆ."

 ಅವಳು ಸೀರೆಯನ್ನು ಬಕೆಟ್ಟಿಗೆ ಎಸೆದಳು. "ನನ್ನ ಮೇಲೆ ಕೋಪ ಇದ್ರೆ ಬಯ್ಯಬೇಕಿತ್ತು! ಮನೇಲಿ ಬೈ, ರಸ್ತೇಲಿ ನಿಲ್ಲಿಸಿ ಬೈ. ಆ ಡಾಕ್ಟರು ನಿಮಗೇನು ಮಾಡಿದ್ರು?" ಮೊದಲ ಸಲ ನನ್ನನ್ನು ಏಕವಚನದಲ್ಲಿ ಬಯ್ದಳು, ಮರುಕ್ಷಣವೇ ಬಹುವಚನಕ್ಕೆ ಬಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ದಿನಾ ಅಷ್ಟೂ ಸರ್ವರ್ ಬಗ್ಗಿ ಬಗ್ಗಿ ನೋಡಿ ರಾತ್ರಿ ಕುತ್ತಿಗೆ ಹಿಡ್ಕೊಂಡು ಕೂರ್ತಿದ್ರಲ್ಲ. ಅದನ್ನ ನೋಡೋಕಾಗದೆ ಆ ಗೋಡೆ ಮಾಡಿದ್ದು ನಾನು. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ."

ಬಟ್ಟೆ ಅಲ್ಲೇ ಬಿಟ್ಟು ಕೆಳಗೆ ಹೋದಳು. ನಾನು ಮಡಚಿದೆ. ಅವಳ ಕುಪ್ಪಸವೊಂದರ ಗುಂಡಿ ಸಡಿಲವಾಗಿದೆ.

ಇವರಿಗೂ ಹೇಳಿದೆ, ಬಯ್ಯಲಿಲ್ಲ. ಪಕ್ಕಕ್ಕೆ ತಿರುಗಿ ಮಲಗಿದರು.

ಆಗಸ್ಟ್ ೨, ಶನಿವಾರ

ಗುಬ್ಬಿ ಮನೆ ಬಿಟ್ಟಳು. ಆಫೀಸಿನ ಹಿಂದಿನ ರಸ್ತೆಯಲ್ಲಿ ಬಾಡಿಗೆ ಕೋಣೆ, ಒಬ್ಬ ನರ್ಸ್ ಜೊತೆ ಪಾಲು. ಸಾಮಾನು ಸಾಗಿಸಲು ನಾನೂ ಹೋದೆ. ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಸೂಟ್‌ಕೇಸಿನ ಒಂದು ಹಿಡಿ ಅವಳು, ಒಂದು ಹಿಡಿ ನಾನು. ಮೆಟ್ಟಿಲು ತಿರುಗುವಾಗ "ನಿಧಾನ" ಎಂದಳು. ಇವತ್ತು ನನ್ನ ಜೊತೆ ಆಡಿದ್ದು ಅದೊಂದೇ ಮಾತು.

ಕಿಟಕಿಗೆ ಪರದೆ ಇಲ್ಲ. ಬೆಳಗಿನ ಬಿಸಿಲು ಸೀದಾ ಮುಖಕ್ಕೇ ಬೀಳುತ್ತದೆ. ಇಂಥ ಕೋಣೆ ಯಾರು ಹಿಡಿಯುತ್ತಾರೆ?

ಮಗಳು ತನ್ನ ಕೋಣೆಯ ಅರ್ಧವನ್ನು ಹಾಗೇ ಖಾಲಿ ಬಿಟ್ಟಿದ್ದಾಳೆ. ಗಣಿತ ನಾನು ಹೇಳಿಕೊಡುತ್ತೇನೆ ಎಂದರೆ, ಬೇಡ ಎನ್ನುತ್ತಾಳೆ.

ಆಗಸ್ಟ್ ೧೩, ಬುಧವಾರ

ಟಿವಿ ಮತ್ತೆ ಹತ್ತಿದೆ. ಬಾಸ್‌ಗೆ ಅದಿಲ್ಲದೆ ನಡೆಯುವುದಿಲ್ಲ, ಬಂದವರಿಗೆ ಏನು ತೋರಿಸುತ್ತಾರೆ ಪಾಪ.

ಮಧ್ಯಾಹ್ನ ಗುಬ್ಬಿ ಬಾಗಿಲ ಪಕ್ಕದ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಟರ್ಮಿನಲ್ ಒಳಗಿಂದಲೇ ಸುದ್ದಿ ಬರೋ ಹಾಗೆ ಬದಲಾಯಿಸ್ತಾ ಇದೀನಿ. ಯಾವ್ಯಾವ ಥರ ಸಿಕ್ಕಿಹಾಕಿಕೊಳ್ಳುತ್ತೆ, ಹೇಳ್ತೀರಾ?" ಮುಖ ಬಿಗಿಯಾಗಿಯೇ ಇತ್ತು. ಕುರ್ಚಿ ಎಳೆದುಕೊಂಡು ಕೂತಳು. ನನಗೆ ನೆನಪಿದ್ದದ್ದನ್ನೆಲ್ಲ ಹೇಳಿದೆ. ಪಾಸ್‌ವರ್ಡ್ ಕೇಳಿ ನಿಲ್ಲುವುದು, ಲೈನ್ ಇದ್ದೂ ಹಳೆಯ ಬೆಲೆಯನ್ನೇ ತೋರಿಸುತ್ತಾ ಕೂರುವುದು. ಕೆಲವಕ್ಕೆ ಅವಳು ಆಗಲೇ ದಾರಿ ಹುಡುಕಿಟ್ಟಿದ್ದಳು, ನಾನು ಕಂಡೇ ಇಲ್ಲದ ಎರಡು ತೊಂದರೆ ಅವಳೇ ನನಗೆ ತೋರಿಸಿದಳು. ಸಂಜೆಯವರೆಗೆ ಕೂತೆವು. ಯಾರ ಬುದ್ಧಿ ಎಷ್ಟು ಎಂದು ಅಳೆಯಲು ನನಗೆ ನೆನಪೇ ಆಗಲಿಲ್ಲ, ಅಷ್ಟು ಕೆಲಸವಿತ್ತು.

ಏಳುವಾಗ, "ಬರ್ತೀನತ್ತಿಗೆ, ಅಕ್ಕ ಕಾಯ್ತಿರ್ತಾರೆ" ಎಂದಳು.

"ಯಾವ ಅಕ್ಕ?"

"ಅದೇ, ನನ್ನ ರೂಮಿನ ನರ್ಸ್."

ಅಕ್ಕನಂತೆ! ಪರಿಚಯವಾಗಿ ತಿಂಗಳಾಗಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ನನ್ನನ್ನು ನೋಡುತ್ತಿದ್ದಾಳೆ, ಇವತ್ತಿಗೂ ಅತ್ತಿಗೆ, ಅತ್ತಿಗೆ. ಅವಳಿಗೆ ಸಕ್ಕರೆ ಇಲ್ಲದ ಚಹಾ ಬೇಕೆಂದು ಆ ನರ್ಸಿಗೆ ಗೊತ್ತಿದೆಯೋ ಇಲ್ಲವೋ.

ಆಗಸ್ಟ್ ೨೮, ಗುರುವಾರ

ಗುಬ್ಬಿ ಎರಡು ದಿನದಿಂದ ಆಫೀಸಿಗೆ ಬಂದಿಲ್ಲ. ಬಾಸ್‌ಗೆ ಹುಷಾರಿಲ್ಲ ಎಂದು ಸಂದೇಶ ಕಳಿಸಿದ್ದಾಳೆ, ನನಗಿಲ್ಲ. ಇವರಿಗೂ ಇಲ್ಲ. ಫೋನ್ ಮಾಡಿದರೆ ಎತ್ತಿದ್ದು ಆ ನರ್ಸ್. "ಜ್ವರ ಇದೆ, ಈಗ ಮಲಗಿದ್ದಾಳೆ, ಎಬ್ಬಿಸಬೇಕಾ?" ಎಂದಳು, ತಾನೇ ಹೆತ್ತವಳ ಹಾಗೆ. ಬೇಡ ಎಂದೆ.

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದು ಗಂಜಿ ಮಾಡಿದೆ. ನುಣ್ಣಗೆ, ಗಂಟಲಿಗೆ ಹಿತವಾಗುವ ಹಾಗೆ ಮೆಣಸು ಹಾಕಿ. ಡಬ್ಬಿಗೆ ತುಂಬಿ, ಟವೆಲ್ ಸುತ್ತಿ, ಮೂರು ಮಹಡಿ ಹತ್ತಿದೆ.

ಬಾಗಿಲು ತೆಗೆದವಳು ಎತ್ತರದ, ದಪ್ಪ ಕನ್ನಡಕದ ಹೆಂಗಸು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಅಯ್ಯೋ, ಈಗಷ್ಟೇ ಕುಡಿಸಿದೆನಲ್ಲ" ಎಂದಳು. ಕಿಟಕಿಗೆ ಪರದೆ ಬಂದಿತ್ತು, ಹಳದಿ ಹೂವಿನದು. ಇವಳೇ ಹೊಲಿದದ್ದಂತೆ. ಮೇಜಿನ ಮೇಲೆ ಮಾತ್ರೆ, ಬಿಸಿನೀರು, ಥರ್ಮಾಮೀಟರು ಎಲ್ಲ ಸಾಲಾಗಿ. ಜ್ವರ ಎಷ್ಟು ಹೊತ್ತಿಗೆ ಎಷ್ಟಿತ್ತು ಎಂದು ನಾನು ಕೇಳುವ ಮುಂಚೆಯೇ ಒಪ್ಪಿಸಿದಳು. ಇಷ್ಟು ಚೆನ್ನಾಗಿ ನೋಡಿಕೊಳ್ಳಲು ಇವಳಿಗೇನು ಹಕ್ಕು? ಎದೆಯ ಕೆಳಗೆ ಆ ಹಳೇ ಉರಿ ಭಗ್ಗೆಂದಿತು.

ಹಾಸಿಗೆಯಿಂದ ದನಿ ಬಂತು. "ಅತ್ತಿಗೆ ಬಂದ್ರಾ?"

ಹೋಗಿ ಹಣೆ ಮುಟ್ಟಿದೆ. ನನ್ನ ಕೈ ಸರಿಸಲಿಲ್ಲ ಅವಳು, ತನ್ನ ಕೈಯನ್ನು ಅದರ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಇನ್ನೂ ಏನಾದರೂ ಅನ್ನುತ್ತಾಳೇನೋ ಎಂದು ಕಾದೆ. ನಿದ್ದೆ ಹತ್ತಿತ್ತು.

ಹೊರಡುವಾಗ ನರ್ಸ್, "ಗಂಜಿ ಪಾತ್ರೆಗೆ ಬಗ್ಗಿಸಿಕೊಂಡು ಡಬ್ಬಿ ತೊಳೆದು ಕೊಡ್ತೀನಿ, ಒಂದು ನಿಮಿಷ" ಎಂದಳು.

"ಬೇಡ, ಬೇಡ, ಹಾಗೇ ಇರಲಿ" ಎಂದು ಮೆಟ್ಟಿಲಿಳಿದುಬಿಟ್ಟೆ.

ಒಳ್ಳೆಯ ಡಬ್ಬಿ ಅದು, ಮುಚ್ಚಳ ಬಿಗಿಯಾಗಿ ಕೂರುತ್ತದೆ. ಸುಮ್ಮನೆ ಅಲ್ಲಿ ಬಿಡಲಾಗುತ್ತದಾ? ನಾಳೆ ಸಂಜೆ ಹೋಗಿ ತರಬೇಕು.